ಹಿಂಬದಿ

ಮುರಿಯಬಾರದು, ಅಷ್ಟೇ, ಅಂದಿದ್ದ ಮುಂಬಯಿಯ ಗಿರಾಕಿ.
ಒಂದು ಬಿರುಕಿಗೆ ಹತ್ತು ಸಾವಿರ ಕಡಿತ.
ಯಾರಿಗೆ ಕಡಿತ ಅಂತ ಹೇಳಲಿಲ್ಲ.
ನನ್ನ ಕೂಲಿ ಒಂಬೈನೂರು, ಮಧ್ಯಾಹ್ನದ ಊಟ ಅವರದೇ.

ಭಟ್ಕಳದ ಹಳೇ ಕೇರಿ, ಮೈಮೂನಾ ಬೀಬಿಯ ಮನೆ,
ಒಳಕೋಣೆಯ ಗೋಡೆಯಲ್ಲಿ ಹನ್ನೊಂದು ಬಿಲ್ಲೆ.
ಬಿಳಿ ನೆಲ, ನೀಲಿ ಬಳ್ಳಿ,
ಬಳ್ಳಿಯ ತುದಿಗೆ ನನಗೆ ಗುರುತಿಲ್ಲದ ಹೂವು:
ಇಲ್ಲಿಯ ಮಲ್ಲಿಗೆಯಲ್ಲ, ಅಬ್ಬಲಿಗೆಯಲ್ಲ,
ಬಾಯಿ ಬಿಗಿಹಿಡಿದು ಏನನ್ನೋ ಹೇಳದೆ ನಿಂತ ಹಾಗೆ.
ಟುಲಿಪ್ ಅಂದ ಗಿರಾಕಿ. ಇಝ್ನಿಕ್ ಅಂದ. ನಾನೂರು ವರ್ಷ ಅಂದ.

ನೀಲಿ ಗಾಜಿನೊಳಗೆ ಮುಳುಗಿ ಮಲಗಿತ್ತು.
ಕೆಂಪು ಮಾತ್ರ ಎದ್ದು ನಿಂತಿತ್ತು,
ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದರೆ
ಒಣಗಿದ ಅನ್ನದ ಅಗುಳಿನಷ್ಟು ದಪ್ಪ.
ನಾಲ್ಕನೆಯದರಲ್ಲಿ ಅದೂ ಸವೆದಿತ್ತು;
ಜ್ವರ ಬಂದ ಮಕ್ಕಳೆಲ್ಲ ತಂಪಿಗೆ
ಹಣೆ ಒತ್ತುತ್ತಿದ್ದದ್ದು ಅಲ್ಲಿಯೇ, ಅಂದಳು ಬೀಬಿ. ತಾನೂ.

ಮುತ್ತಜ್ಜನ ಅಪ್ಪ ನಾಖುದಾ ಅಂತೆ.
ಬಸ್ರಾಕ್ಕೆ ಅಕ್ಕಿ ಒಯ್ದವನಿಗೆ ರೊಕ್ಕದ ಬದಲು
ಬಿದ್ದ ಹಮಾಮಿನ ಗೋಡೆ ಕೊಟ್ಟರಂತೆ.
ಅದು ಗಂಡಸರ ಕತೆ.
ಹೆಂಗಸರ ಕತೆಯಲ್ಲಿ, ವಾಪಸು ಬರುವ ಮಚವೆ
ಹೊಯ್ದಾಡದಿರಲೆಂದು ತಳಕ್ಕೆ ಹಾಕಿದ ಭಾರ ಅದು,
ಖರ್ಜೂರದ ಚೀಲಗಳ ಕೆಳಗೆ, ಒದ್ದೆ ಚಾಪೆ ಸುತ್ತಿ.
ಹೊರಟದ್ದು ಮೂವತ್ತು, ಇಳಿದದ್ದು ಹನ್ನೊಂದು,
ಉಳಿದವು ನೇತ್ರಾಣಿಯ ಆಚೆ, ಮೀನುಗಳ ಮನೆಗೆ.

ನಾಲ್ಕು ಅಣ್ಣತಮ್ಮಂದಿರು, ಮೂವರು ಅಕ್ಕತಂಗಿಯರು.
ಗಂಡಿಗೆ ಎರಡು, ಹೆಣ್ಣಿಗೆ ಒಂದು:
ಲೆಕ್ಕ ಕರಾರುವಾಕ್ಕು, ಹನ್ನೊಂದಕ್ಕೆ ಹನ್ನೊಂದು.
ಆದರೂ ಯಾರಿಗೂ ಬಿಲ್ಲೆ ಬೇಡವಾಗಿತ್ತು.

ಸಿಮೆಂಟಾಗಿದ್ದರೆ ನನ್ನ ಕೈಲಾಗುತ್ತಿರಲಿಲ್ಲ.
ಇದು ಚಿಪ್ಪಿಸುಣ್ಣ, ಅಘನಾಶಿನಿಯ ಬಳಚು ಸುಟ್ಟು ಅರೆದು
ಬೆಲ್ಲದ ನೀರಲ್ಲಿ ಕಲಸಿದ್ದು.
ನೆಕ್ಕಿ ನೋಡಿದೆ. ಸಿಹಿ ಇರಲಿಲ್ಲ, ನಗಬೇಡಿ.
ಗರಗಸದ ಅಲಗನ್ನು ಮೂಲೆಯಿಂದ ತೂರಿಸಿ,
ಒದ್ದೆ ಬಟ್ಟೆ ಒತ್ತಿ, ಕಾದು, ಮತ್ತೆ ಒತ್ತಿ,
ದಿನಕ್ಕೆ ಎರಡೇ.
ಬಿಡುವಾಗ ಗೋಡೆ ಸಣ್ಣಗೆ ಲೊಟಕೆ ಹೊಡೆಯುತ್ತಿತ್ತು.
ಅಡುಗೆಮನೆಯಿಂದ ಬೀಬಿ:
"ಎಷ್ಟನೆಯದು, ಮೇಸ್ತಾ?"

ಸಾಲು ತಪ್ಪದಿರಲೆಂದು ಹಿಂಬದಿಗೆ
ಬಡಗಿ ಪೆನ್ಸಿಲಿನಲ್ಲಿ ನಮ್ಮ ಅಂಕಿ ಬರೆದೆ,
ಕಾಸರಕೋಡು ಶಾಲೆಯ ಅಕ್ಕೋರು
ಕೋಲು ಹಿಡಿದು ಕಲಿಸಿದ ಅಂಕಿ.
ಏಳನೆಯದಕ್ಕೆ ಕೈ ಜಾರಿತು.
ಮೂಲೆಯ ಚೂರನ್ನು ಅದೇ ಸುಣ್ಣದಲ್ಲಿ ಅಂಟಿಸಿ ಸುಮ್ಮನಾದೆ.
ಬೀಬಿ ನೋಡಿದಳು. ಮೀನಿನ ಇನ್ನೊಂದು ತುಂಡು ಬಡಿಸಿದಳು.

ಖಾಲಿ ಚೌಕಗಳಿಗೆ ಮೋರ್ಬಿಯ ಟೈಲ್ಸ್ ಕೂರಿಸಿದೆ.
ಅದರಲ್ಲೂ ಟುಲಿಪ್ಪೇ, ಅಚ್ಚು ಹಾಕಿದ್ದು,
ಒರೆಸಲು ಸುಲಭ.

ಎರಡು ಮಳೆಗಾಲದ ಮೇಲೆ
ಚರಂಡಿ ಕಟ್ಟಿದೆ ಅಂತ ಮತ್ತೆ ಕರೆ ಬಂತು.
ಮೊಮ್ಮಗಳು ನಬೀಲಾ ಫೋನು ಹಿಡಿದು ತೋರಿಸಿದಳು:
ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಬಿಲ್ಲೆ, ಅದಕ್ಕೊಂದು ದೀಪ.
ಖಾಸಗಿ ಸಂಗ್ರಹ, ಜಿನೀವಾ.
ಮೂಲ: ಯುರೋಪಿನ ಹಳೆಯ ಮನೆತನ.
ಭಟ್ಕಳ ಇಲ್ಲ, ಬಸ್ರಾ ಇಲ್ಲ,
ಅಕ್ಕಿಯ ಸುದ್ದಿಯೇ ಇಲ್ಲ.
ಬೆರಳು ಸರಿಸಿದಳು. ಹಿಂಬದಿಯ ಚಿತ್ರ.
ಅಂಟಿಕೊಂಡೇ ಹೋಗಿದೆ ನಮ್ಮ ಬಳಚಿನ ಸುಣ್ಣ,
ಅದರ ಪಕ್ಕದಲ್ಲಿ ನನ್ನ ಕೈಬರಹ.
ಓದಿ ಹೇಳಿದಳು: "ಒಂದು ಗುರುತು ಇದೆ,
ಬಹುಶಃ ಆ ಕಾಲದ ಕುಲುಮೆಯವನದು.
ಲಿಪಿ ಪತ್ತೆಯಾಗಿಲ್ಲ."

ಬೀಬಿ ನಕ್ಕಳು ನೋಡಿ,
ತಲೆಯ ಸೆರಗು ಜಾರುವಷ್ಟು, ಕೆಮ್ಮು ಬರುವಷ್ಟು.
ನಾನೂ ನಕ್ಕೆ, ಪಾದದ ಕೆಸರು ಅವರ ನೆಲಕ್ಕೆ ತಾಗದಂತೆ
ಹೊಸ್ತಿಲಾಚೆ ನಿಂತು.
ಕಣ್ಣೊರೆಸಿಕೊಂಡು ಕೇಳಿದಳು, "ಎಷ್ಟನೆಯದು?"
ಏಳು, ಅಂದೆ.
"ನಾಲ್ಕು ಎಲ್ಲಿದೆಯಂತೆ?"

ನಬೀಲಾ ಬಹಳ ಹೊತ್ತು ಹುಡುಕಿದಳು.
ನಾನು ಚರಂಡಿಯ ಕಲ್ಲು ಎತ್ತಲು ಹೋದೆ.